ಸಾರಿ ಎಂದ ಮೇಲೆ ಮಾತಿಲ್ಲ

ಮುದ್ದೇಬಿಹಾಳದ ಕಚೇರಿಯೊಂದರ ಗುಮಾಸ್ತ ಗುರಲಿಂಗಪ್ಪನಿಗೆ ಹುಲಿಯ ಹೆದರಿಕೆ ಇರಲಿಲ್ಲ (ಆ ಸೀಮೆಯಲ್ಲಿ ಹುಲಿಯೇ ಇರಲಿಲ್ಲ). ಅವನು ಹೆದರುತ್ತಿದ್ದುದು ಹೆಂಡತಿ ಶೇವಂತೆವ್ವನ ಬಾಯಿಗೆ ಮಾತ್ರ. ಆಕೆ ತವರೂರು ನಾಲತವಾಡಕ್ಕೆ ಹೋಗಿದ್ದಾಗ, ಆಕೆಯ ಕೌದಿಯ ಮೇಲೆ ಧೋತರ ಹಾಸಿ ಇಸ್ತ್ರಿ ಮಾಡುವ ಘನಕಾರ್ಯಕ್ಕೆ ಕೈಹಾಕಿದ. ಪೆಟ್ಟಿಗೆಯಿಂದ ಕೆಂಡ ಉದುರಿ ಕೌದಿಯಲ್ಲಿ ಅಂಗೈಯಗಲ ತೂತು ಬಿತ್ತು. ತೀರಿಹೋದ ತಾಯಿಯ ಸೀರೆಗಳನ್ನೆಲ್ಲ ಸೇರಿಸಿ ಆಕೆ ಎರಡು ವರ್ಷ ಕೂತು ಹೊಲಿದ ಕೌದಿ ಅದು! ಮರುದಿನ ಸಂಜೆಯ ಬಸ್ಸಿಗೆ ಆಕೆ ಬರುವವಳಿದ್ದಳು.

ಪುಣ್ಯಕ್ಕೆ, ಮರುದಿನ ಕಚೇರಿಯಲ್ಲಿ ಹೊಸ ಸಾಹೇಬರು ಹಿರಿಯ ಗುಮಾಸ್ತ ಬಂದಗಿಸಾಬನ ದಫ್ತರದ ಮೇಲೆ ಮಸಿಯ ದೌತಿ ಉರುಳಿಸಿ, "ಸಾರಿ" ಎಂದರು. ಬಂದಗಿಸಾಬ ನಕ್ಕು ಸುಮ್ಮನಾದ.

"ಇದ್ಹೆಂಗ್ರಿ?" ಗುರಲಿಂಗಪ್ಪ ಬೆರಗಾಗಿ ಕೇಳಿದ.

"ಅದು ಇಂಗ್ಲಿಷ್ ಪದ್ಧತಿನಪಾ. ಒಬ್ಬಾಂವ ಸಾರಿ ಅಂದ ಮ್ಯಾಗ ಇನ್ನೊಬ್ಬಾಂವ ಪಿಟ್ಟ್ ಅನ್ನಬಾರದು."

ನಮ್ಮಲ್ಲಾದರೆ ತಪ್ಪಾಯಿತು ಎಂದು ಕಾಲು ಹಿಡಿದರೂ ಮೂರು ದಿನ ಬೈಸಿಕೊಳ್ಳಬೇಕು. ಇಂಥ ಬ್ರಹ್ಮಾಸ್ತ್ರವನ್ನು ಬಿಟ್ಟು ಹೋದ ಇಂಗ್ರೇಜರ ದೊಡ್ಡ ಮನಸ್ಸನ್ನು ಅವನು ದಾರಿಯುದ್ದಕ್ಕೂ ಕೊಂಡಾಡಿದ.

ಸಂಜೆ ಶೇವಂತೆವ್ವ ಹೊಸ್ತಿಲು ದಾಟುವ ಮೊದಲೇ ಸಾರಿಯ ಪಾಠ ಶುರುವಾಯಿತು.

"ಒಂದ ಮಾತೂ ಅನ್ನಬಾರದೇನ್ರಿ?"

"ಒಂದೂ ಅನ್ನಬಾರದು."

"ಎಂಥಾ ತಪ್ಪಿದ್ರೂ?"

"ಎಂಥಾದಿದ್ರೂ. ಯಾರ ಅಂದ್ರೂ ಇದ ಕಾನೂನು."

ಅವನು ಕೌದಿ ಬಿಚ್ಚಿ ತೋರಿಸಿ, "ಸಾರಿ" ಎಂದ. ಆಕೆ ಸುಟ್ಟ ಅಂಚನ್ನು ಬೆರಳಿನಿಂದ ಮುಟ್ಟಿದಳು. ಕಣ್ಣು ತುಂಬಿದವು. ಬಾಯಿ ತೆರೆದಳು. ಗುರಲಿಂಗಪ್ಪ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ. ಆದರೆ ಯಾವ ಮಾತೂ ಬರಲಿಲ್ಲ.

ಗೆದ್ದೆ ಎಂದುಕೊಂಡು ಆ ರಾತ್ರಿ ಗೊರಕೆ ಹೊಡೆದ. ಮರುದಿನವೂ ಆಕೆ ಮಾತಾಡಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ ಬಂತು, ಪಲ್ಯ ಬಂತು, ಮಾತು ಬರಲಿಲ್ಲ. ಮೂರನೆಯ ದಿನ ಅವನು ಆಕೆಯ ಹಿಂದೆ ಹಿಂದೆ ಸುತ್ತತೊಡಗಿದ. ಬೈಗುಳಕ್ಕಾದರೆ ಒಂದು ಕೊನೆ ಇರುತ್ತದೆ, ಇದಕ್ಕೆ ಕೊನೆಯೆಲ್ಲಿ?

"ಒಂದೀಟು ಬೈದ ಬಿಡು, ಶೇವಂತಿ. ಕೈ ಮುಗಿತೇನಿ," ಎಂದು ಗೋಗರೆದ. ಆಕೆ ತಲೆಯಾಡಿಸಿ ಒಳಗೆ ಹೋದಳು.

ನಾಲ್ಕನೆಯ ದಿನ ಬೆಳಿಗ್ಗೆ ಆಕೆಯೇ ಬಂದು ಅವನೆದುರು ನಿಂತು, "ಸಾರಿ ರೀ," ಎಂದವಳೇ ಕೊಡ ಎತ್ತಿಕೊಂಡು ನೀರಿಗೆ ನಡೆದಳು.

ಗುರಲಿಂಗಪ್ಪ ದಡಬಡಿಸಿ ಎದ್ದ. ಯಾತಕ್ಕೆ ಸಾರಿ? ಕೇಳುವಂತಿಲ್ಲ, ಕಾನೂನು! ರೇಡಿಯೋ ನೋಡಿದ, ಇತ್ತು. ಕಚೇರಿಯ ಕಾಗದ ಎಣಿಸಿದ, ಇದ್ದವು. ಚಹಾದಲ್ಲಿ ಏನಾದರೂ ಬಿದ್ದಿದೆಯೇ ಎಂದು ಮೂಸಿ ಬಚ್ಚಲಿಗೆ ಚೆಲ್ಲಿದ. ಕೊನೆಗೆ ಟ್ರಂಕು ತೆರೆದರೆ ಅವನ ಮದುವೆಯ ಕರಿ ಕೋಟು ಮಡಿಕೆ ಕೆಡದೆ ಕೂತಿತ್ತು. ಸಮಾಧಾನಕ್ಕೆಂದು ಎತ್ತಿ ಹಿಡಿದ. ಬೆನ್ನಿನ ನಡುವೆ ಅಂಗೈಯಗಲದ ಕಿಟಕಿ!

ಕೋಟು ಹಿಡಿದೇ ಹಿತ್ತಲಿಗೆ ಓಡಿದ. ಹಗ್ಗದ ಮೇಲೆ ಕೌದಿ ಒಣಗುತ್ತಿತ್ತು. ಅವಳ ತಾಯಿಯ ಸೀರೆಗಳ ನಡುವೆ ಕರಿ ಉಣ್ಣೆಯ ತುಂಡೊಂದು ಸಣ್ಣ ಸಣ್ಣ ಹೊಲಿಗೆಯಲ್ಲಿ ಕೂತಿತ್ತು.

ಅಷ್ಟರಲ್ಲಿ ನೀರು ತಂದ ಶೇವಂತೆವ್ವ ಕೊಡ ಇಳಿಸಿದಳು. ಮೂರು ದಿನಗಳ ಮೇಲೆ ಮೊದಲ ಸಲ ಬಾಯ್ತುಂಬ ಕೇಳಿದಳು: "ಯಾಕ್ರಿ, ಏನರ ಅನ್ನಾವರಿದ್ರೇನು?"

ಮಾತು ಅವನ ತುದಿನಾಲಿಗೆಯವರೆಗೆ ಬಂದಿತ್ತು.

"ಏನಿಲ್ಲ. ಹೊಲಿಗಿ ಚಲೋ ಕುಂತೈತಿ," ಎಂದ, ಬೆನ್ನು ಕಾಣದಂತೆ ಕೋಟು ಮಡಿಚುತ್ತ.