ಕ್ವಾಂಟ್ ಆಗಲು ಹೊರಟ ಗಣಿತದ ಮೇಷ್ಟ್ರು

ಯಾವ ಕೆಲಸವನ್ನೂ ಪೂರ್ತಿ ಮಾಡದವನಿಗೆ ಅವಮಾನ ಮಾತ್ರ ಒಂದೂ ಬಾಕಿ ಉಳಿಯದಂತೆ ಪೂರ್ತಿ ಆಗುತ್ತಲೇ ಇರುತ್ತದೆ. ನಾನು ಚನ್ನಪಟ್ಟಣದ ಒಂದು ಕಾಲೇಜಿನಲ್ಲಿ ಗಣಿತದ ಅತಿಥಿ ಉಪನ್ಯಾಸಕ. ಮನೆ ವಿರೂಪಾಕ್ಷಿಪುರದ ಹತ್ತಿರ. ಕ್ವಾಂಟ್ ಆಗಬೇಕೆಂದು ನಾಲ್ಕು ವರ್ಷದಿಂದ ಓದುತ್ತಿದ್ದೇನೆ. ಕ್ವಾಂಟ್ ಎಂದರೆ ಷೇರುಪೇಟೆಯ ಏರಿಳಿತವನ್ನು ಗಣಿತ ಹಾಕಿ ಅಂದಾಜು ಮಾಡುವವನು. ಜೊತೆಗೆ ಮೊಬೈಲ್ ಗೇಮು, ಚೆಸ್ಸು, ಕೊಳಲು. ಎಲ್ಲವೂ ಅರ್ಧಂಬರ್ಧ.

೧. ವೇಳಾಪಟ್ಟಿ

ಇಷ್ಟನ್ನೂ ಹೊಂದಿಸಿಕೊಳ್ಳಲು ಒಂದು ವೇಳಾಪಟ್ಟಿ ಮಾಡಿದೆ. ಅದಕ್ಕೇ ಮೂರು ಭಾನುವಾರ ಹಿಡಿಯಿತು. ಓದಿಗೆ ನೀಲಿ, ಗೇಮಿಗೆ ಕೆಂಪು, ಕೊಳಲಿಗೆ ಹಸಿರು. ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ಸಾಲುಸಾಲಿಗೂ ಬೆರಳಿಟ್ಟು ಓದಿದರು.

"ಭಾಳ ಚೆನ್ನಾಗೈತೆ ಕಣ್ಲಾ. ಕಾಲೇಜ್ಗೆ ಯಾವಾಗ ಹೋಯ್ತೀಯ?"

೨. ಮಾಗಡಿಯ ಹೆಣ್ಣು

ಸೋದರಮಾವ ಮಾಗಡಿಗೆ ಹೆಣ್ಣು ನೋಡಲು ಕರೆದೊಯ್ದ. ಎರಡು ಬಸ್ಸು ಬದಲಾಯಿಸಿ, ಬೆವರಿ, ಇಸ್ತ್ರಿ ಹೋದ ಅಂಗಿಯಲ್ಲಿ ಕೂತೆ. ಹುಡುಗಿಯ ತಂದೆ, "ಮುಂದೆ ಏನ್ಮಾಡ್ಬೇಕು ಅಂತಿದ್ದೀರಿ?" ಎಂದರು. ನನಗೆ ಉತ್ಸಾಹ ಬಂತು. ಸಂಭವನೀಯತೆ, ರಿಸ್ಕು, ಲಾಭನಷ್ಟ ಎಂದು ಕಾಫಿ ಆರುವವರೆಗೂ ವಿವರಿಸಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಮಾವನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಇಸ್ಪೀಟಾ, ಆನ್‌ಲೈನಾ?"

ಮಾವ ನನ್ನ ಮಾನ ಉಳಿಸಲು ಮುಂದೆ ಬಂದ. "ಥೂ, ಇಸ್ಪೀಟು ಮುಟ್ಟೋನಲ್ಲ ಕಣಣ್ಣ! ದಿನಾ ಮೊಬೈಲಲ್ಲಿ ಗೇಮ್ ಆಡ್ತಾನೆ, ಅಷ್ಟೆ."

೩. ಒಂದು ಡೌಟು

ತರಗತಿಯಲ್ಲಿ ಫಲಿತಾಂಶ ಕೆಟ್ಟದಾಗಿ ಬಂದಿತ್ತು. "ಮೊಬೈಲ್ ಗೇಮ್ ಆಡಿ ಬದುಕು ಹಾಳು ಮಾಡ್ಕೋಬೇಡಿ" ಎಂದು ಅರ್ಧ ಗಂಟೆ ಬೈದೆ. ಹಾಗೆ ಬೈಯುವಾಗ ನನಗೆ ನಾನೇ ಬೈದುಕೊಂಡಂತಾಯಿತು. ಮೊದಲ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾರ್, ಒಂದು ಡೌಟು."

ನನ್ನ ಕ್ಲಾಸಿನಲ್ಲಿ ಡೌಟು ಕೇಳಿದವರೇ ಇಲ್ಲ. "ಕೇಳಮ್ಮ" ಎಂದೆ, ಖುಷಿಯಿಂದ.

"ನಿನ್ನೆ ಸಂಜೆ ಗೇಮಲ್ಲಿ 'ಹಿಂದಿಂದ ಕವರ್ ಕೊಡೋ ಗೂಬೆ' ಅಂತ ಕೂಗ್ತಿದ್ದೋರು ನೀವೇ ಅಲ್ವಾ?"

ನಾನು ಬಿದ್ದಿಲ್ಲದ ಸೀಮೆಸುಣ್ಣ ಹುಡುಕಲು ಬಗ್ಗಿದೆ.

"ಆ ಗೂಬೆ ನಾನೇ ಸಾರ್."

೪. ರಾಜ

ಚೆಸ್ಸಿನ ಕಾಯಿಗಳನ್ನು ನಾನೇ ಕಡೆಯಬೇಕೆಂಬ ಆಸೆ. ಗೊಂಬೆ ಮಾಡುವ ಹಿರಿಯ ಸಾಹೇಬರೊಬ್ಬರ ಬಳಿ ಸೇರಿಕೊಂಡೆ. ಎರಡು ತಿಂಗಳು ಮರ ಹಾಳು ಮಾಡಿದ ಮೇಲೆ ಒಂದು ಕಾಯಿ ಕೈಗೆ ಬಂತು. ಸಾಹೇಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಲಟ್ಟಣಿಗೆ ಚಿಕ್ಕದಾಯ್ತು ಮೇಷ್ಟ್ರೇ" ಎಂದರು.

"ಅದು ರಾಜ, ಸಾಹೇಬ್ರೇ." ನನಗೆ ಅಳುವೇ ಬಂತು. "ನನ್ನ ಕೈಲಿ ಒಂದನ್ನೂ ಮುಗಿಸೋಕೆ ಆಗಲ್ಲ."

ಅವರು ಭುಜದ ಮೇಲೆ ಕೈಯಿಟ್ಟರು. "ಹಂಗನ್ಬೇಡಿ. ನನ್ನ ಹತ್ರ ಇದ್ದ ಒಳ್ಳೇ ಮರಾನೆಲ್ಲಾ ಮುಗಿಸಿದ್ದೀರಲ್ಲ."

೫. ಅಂದಾಜು

ಹೋದ ವರ್ಷ ಹನ್ನೊಂದು ಕಂಪನಿಗೆ ಅರ್ಜಿ ಹಾಕಿದೆ. ಹತ್ತು ಕಡೆ ಉತ್ತರವೇ ಇಲ್ಲ. ಒಂದು ಕಡೆಯಿಂದ ವಿಡಿಯೊ ಸಂದರ್ಶನಕ್ಕೆ ಕರೆ ಬಂತು. ಇದೂ ಹೋದರೆ ಓದು ಬಿಟ್ಟುಬಿಡುವುದೆಂದು ತೀರ್ಮಾನಿಸಿದ್ದೆ. ನಮ್ಮಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಹುಳುಮನೆಯಲ್ಲಿ ಮಾತ್ರ. ಅವ್ವ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ನಾನು ಟೈ ಕಟ್ಟಿಕೊಂಡು ಮೂಲೆಯಲ್ಲಿ ಕೂತೆ.

ಸಂದರ್ಶನ ಮಾಡಿದ ಮೇಡಂಗೆ ಕನ್ನಡ ಬರುತ್ತಿತ್ತು. "ಅಲ್ಲಿ ಮಳೆಯಾ?" ಎಂದರು.

"ಇಲ್ಲ ಮೇಡಂ. ರೇಷ್ಮೆ ಹುಳು ಸೊಪ್ಪು ತಿನ್ನೋ ಸದ್ದು."

"ಹೌದಾ! ಎಷ್ಟು ಹುಳು ಇರಬಹುದು? ಅಂದಾಜು ಮಾಡಿ ಹೇಳಿ."

ಇಂಥ ಪ್ರಶ್ನೆಗೇ ನಾಲ್ಕು ವರ್ಷ ತಯಾರಾಗಿದ್ದೆ. ತಟ್ಟೆಗಳ ಅಳತೆ ಹಿಡಿದು, ಸರಾಸರಿ ತೆಗೆದು, ತಪ್ಪಾಗುವ ಸಾಧ್ಯತೆಗೂ ಜಾಗ ಬಿಟ್ಟು, ಕೊನೆಗೆ ಹೇಳಿದೆ: "ಎರಡು ಸಾವಿರದಿಂದ ಎರಡು ಲಕ್ಷದ ಒಳಗೆ."

ಹಿಂದಿನಿಂದ ಅವ್ವ ಕೂಗಿದಳು. "ಎರಡು ಲಕ್ಸನಾ? ನಮ್ಮನ್ನೂ ತಿಂದಾಕ್ಬುಡ್ತವೆ! ತಂದಿದ್ದು ನೂರು ಚಿಟ್ಟೆ ಇಕ್ಕಿದ ಮೊಟ್ಟೆ. ಚಿಟ್ಟೆಗೆ ನಾನೂರು ಅಂದ್ರೆ ನಲ್ವತ್ತು ಸಾವ್ರ. ಸತ್ತಿದ್ದು ಎರಡು ಸಾವ್ರ ಕಳೀರಿ."

ಮೇಡಂ ಮುಂದಕ್ಕೆ ಬಾಗಿದರು. "ಅಮ್ಮಾ, ಅಷ್ಟೇ ಸತ್ತಿದ್ದು ಅಂತ ಹೇಗೆ ಗೊತ್ತು?"

"ಸೊಪ್ಪು ಉಳೀತೈತಲ್ಲವ್ವಾ. ಎಷ್ಟು ಉಳೀತೋ ಅಷ್ಟು ಬಾಯಿ ಕಮ್ಮಿ."

ಅಲ್ಲಿಂದ ಇಪ್ಪತ್ತು ನಿಮಿಷ ಮೇಡಂ ಕೇಳಿದರು, ಅವ್ವ ಹೇಳಿದಳು. ನಾನು ಟೈ ಕಟ್ಟಿಕೊಂಡು ಫೋನ್ ಹಿಡಿದು ನಿಂತಿದ್ದೆ.

ವಾರದ ನಂತರ ಇ-ಮೇಲ್ ಬಂತು. ಕ್ಷಮಿಸಿ, ನಿಮ್ಮ ಆಯ್ಕೆಯಾಗಿಲ್ಲ. ಜಗಲಿಯ ಮೇಲೆ ಕುಸಿದು ಕೂತೆ. ಅವ್ವ ಕೈ ಒರೆಸಿಕೊಳ್ಳುತ್ತಾ ಬಂದಳು.

"ಏನಂದ್ರು ಮಗ?"

"ಆಗಲಿಲ್ಲ ಕಣವ್ವ."

ಪಕ್ಕದಲ್ಲಿ ಕೂತಳು. ತಲೆ ಸವರಿದಳು. ಆಮೇಲೆ ಸ್ವಲ್ಪ ನಾಚಿಕೊಂಡೇ ಕೇಳಿದಳು:

"ನಿಂದ್ ಹೋಗ್ಲಿ ಬುಡು. ನಂದೇನಾಯ್ತಂತೆ?"