ನಾರ್ವೆಯ ಕೇಳುಗನೂ ಪಿಳ್ಳಮ್ಮನ ಮೋಟಾರೂ

ಇನ್ನು ಮೇಲೆ ಈ ಈಶಪ್ಪನ ದನಿ ಪೀಣ್ಯದ ಶೆಡ್ಡಿನೊಳಗೆ ಬಿದ್ದು ಕೊಳೆಯುವುದಿಲ್ಲ, ಸಪ್ತಸಾಗರಗಳನ್ನೂ ದಾಟಿ ಹೋಗುತ್ತದೆ ಎಂದು ಈಶಪ್ಪ ಒಂದು ಭಾನುವಾರ ಬೆಳಿಗ್ಗೆ ಅವಲಕ್ಕಿ ತಟ್ಟೆಯ ಮುಂದೆ ಕೂತು ಘೋಷಿಸಿದ! ಎರಡು ಸಾವಿರದ ಏಳನೇ ಇಸವಿಯ ಮಾತು. ಈ ಐತಿಹಾಸಿಕ ಘೋಷಣೆಯನ್ನು ಕೇಳಿಸಿಕೊಂಡವಳು ಹೆಂಡತಿ ದಾನೇಶ್ವರಿ ಒಬ್ಬಳೇ. ಅವಳೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ, ಮಿಕ್ಸರ್ ಓಡುತ್ತಿತ್ತು.

ಈಶಪ್ಪ ಗದಗಿನ ಕಡೆಯವನು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ವಾಷರ್ ತಪಾಸಣೆಯ ಕೆಲಸ. ವಾಷರ್ ಅಂದರೆ ನಟ್ಟಿಗೂ ಬೋಲ್ಟಿಗೂ ನಡುವೆ ಕೂರುವ, ಉಂಗುರದಂಥ ಕಬ್ಬಿಣದ ಬಿಲ್ಲೆ. ಬಿಲ್ಲೆಯನ್ನು ಬೆಳಕಿಗೆ ಹಿಡಿದು, ಅಳತೆಗೆ ಹಾಕಿ ನೋಡಿ, ಸರಿಯಿದ್ದರೆ ಪಾಸು, ಇಲ್ಲದಿದ್ದರೆ ಗುಜರಿ. ಬೇರೆಯವರಾಗಿದ್ದರೆ ಅಷ್ಟಕ್ಕೇ ಬಿಡುತ್ತಿದ್ದರು. ಈಶಪ್ಪ ಕನಸುಗಾರ. ಪ್ರತಿ ಬಿಲ್ಲೆಯ ತೂತಿನಿಂದಲೂ ಅವನಿಗೆ ಒಂದು ಚೂರು ಆಕಾಶ ಕಾಣುತ್ತಿತ್ತು. ಇದು ಇಲ್ಲಿಂದ ಎಲ್ಲಿಗೆ ಹೋಗುತ್ತದೋ, ಪಂಜಾಬಿನ ಟ್ರ್ಯಾಕ್ಟರಿಗೋ, ಬಂದರಿನ ಹಡಗಿಗೋ, ಹೋದಮೇಲೆ ನನ್ನ ನೆನಪು ಅದಕ್ಕೆ ಇರುತ್ತದೋ ಎಂದು ಯೋಚಿಸುತ್ತ ಕೂರುತ್ತಿದ್ದ. ಅಷ್ಟು ಹೊತ್ತಿಗೆ ಪಕ್ಕದಲ್ಲಿ ಬಿಲ್ಲೆಗಳ ಗುಡ್ಡ ಬೆಳೆದು ಸೂಪರ್‌ವೈಸರ್ ಬೈಯುತ್ತಿದ್ದ.

ಈ ಯೋಚನೆಗಳನ್ನು ಯಾರಿಗಾದರೂ ಹೇಳಬೇಕು. ಆದರೆ ಕಾರ್ಖಾನೆಯಲ್ಲಿ ಪ್ರೆಸ್ ಮಷೀನುಗಳು ದಿನವಿಡೀ ಧಡ್ ಧಡ್ ಎನ್ನುತ್ತವೆ, ಪಕ್ಕದವನಿಗೆ ಟೀ ಬಂತು ಎನ್ನಬೇಕಾದರೂ ಕಿರುಚಬೇಕು. ವರ್ಷಗಟ್ಟಲೆ ಕಿರುಚಿ ಈಶಪ್ಪನ ಗಂಟಲೇ ಆ ಅಳತೆಗೆ ಕೂತುಬಿಟ್ಟಿತ್ತು. ಮನೆಯಲ್ಲಿ ಅವನು ಉಪ್ಪು ಕೇಳಿದರೆ ಮೇಲಿನ ಮನೆಯವರು ಕಿಟಕಿಗೆ ಬರುತ್ತಿದ್ದರು. ಹೀಗಾಗಿ ಅವನ ದನಿ ಎಲ್ಲರಿಗೂ ಕೇಳಿಸುತ್ತಿತ್ತು, ಅವನ ಮಾತನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಇದು ಅವನ ಎದೆಯೊಳಗಿನ ನೋವು.

ಅಂಥ ಹೊತ್ತಿನಲ್ಲಿ ಗಲ್ಲಿಯ ಸೈಬರ್ ಸೆಂಟರಿನ ಮುತ್ತಣ್ಣ ಅವನಿಗೆ ಪಾಡ್‌ಕಾಸ್ಟ್ ಎಂಬ ಮಂತ್ರೋಪದೇಶ ಮಾಡಿದ. ಅಮೆರಿಕದಲ್ಲಿ ಎರಡು ಮೂರು ವರ್ಷದಿಂದ ಈ ಹುಚ್ಚು ಹಬ್ಬಿದೆಯಂತೆ. ಐಪಾಡ್ ಎಂಬ ಹಾಡಿನ ಡಬ್ಬಿಯ ಹೆಸರಿಗೆ ಬ್ರಾಡ್‌ಕಾಸ್ಟಿನ ಬಾಲ ಸೇರಿಸಿ ಇಟ್ಟ ಹೆಸರಂತೆ. ಸ್ಟೇಷನ್ ಬೇಡ, ಲೈಸೆನ್ಸ್ ಬೇಡ, ಧ್ವನಿ ಪರೀಕ್ಷೆ ಮಾಡಿ ಮುಖ ಕಿವುಚುವ ಅಧಿಕಾರಿ ಬೇಡ. ಜನ ಅಡುಗೆಮನೆಯಲ್ಲಿ, ಕಾರ್ ಶೆಡ್ಡಿನಲ್ಲಿ ಕೂತು ಮಾತಾಡಿ ಇಂಟರ್‌ನೆಟ್ಟಿಗೆ ಏರಿಸುತ್ತಾರೆ. ಒಮ್ಮೆ ಚಂದಾದಾರರಾದವರ ಕಂಪ್ಯೂಟರಿಗೆ ಹೊಸ ಕಂತು ಬೆಳಗಿನ ಹಾಲಿನ ಪ್ಯಾಕೆಟ್ಟಿನಂತೆ ತಾನಾಗಿ ಬಂದು ಬೀಳುತ್ತದೆ. ಅಂದರೆ ನಾನೂ ಮಾತಾಡಬಹುದೇ ಎಂದು ಈಶಪ್ಪ ಕೇಳಿದ. ಸೈಬರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಹೀಗೆ ‘ಈಶವಾಣಿ’ ಹುಟ್ಟಿತು. ದನಿ ಮುದ್ರಿಸುವ ಗುಂಡಿಯಿರುವ ಚಿಕ್ಕ ಎಂಪಿತ್ರೀ ಪ್ಲೇಯರೊಂದನ್ನು ಅವನು ಕೊಂಡು ತಂದ. ಇನ್ನು ಬೇಕಾದದ್ದು ನಿಶ್ಶಬ್ದ. ಪೀಣ್ಯದಲ್ಲಿ ನಿಶ್ಶಬ್ದವೇ! ಕರೆಂಟ್ ಇದ್ದರೆ ಮಷೀನುಗಳ ಸದ್ದು, ಹೋದರೆ ಜನರೇಟರುಗಳ ಸದ್ದು. ಭಾನುವಾರವೊಂದೇ ಇಡೀ ಪೀಣ್ಯ ಬಾಯಿ ಮುಚ್ಚುವ ದಿನ. ಆವತ್ತು ಅವನು ಕಬ್ಬಿಣದ ಬೀರುವಿಗೂ ಗೋಡೆಗೂ ನಡುವೆ ತೂರಿಕೊಂಡು, ಅತ್ತೆ ಹೊಲಿದುಕೊಟ್ಟ ದಪ್ಪ ಕೌದಿಯನ್ನು ತಲೆಯ ಮೇಲೆ ಹೊದ್ದು, ಕತ್ತಲೆಯಲ್ಲಿ ಕಣ್ಣು ಮುಚ್ಚಿ ಮಾತಾಡತೊಡಗಿದ. ವಿಚಿತ್ರವೆಂದರೆ ಆ ಕೌದಿಯೊಳಗೆ ಅವನ ದನಿ ಮೆತ್ತಗಾಗುತ್ತಿತ್ತು. ವಾಷರುಗಳ ಹಿಂದೆ ಹಿಂದೆಯೇ ಹೋಗುತ್ತಿತ್ತು.

“ನನ್ನ ಕೂಡ ಎರಡು ಮಾತಾಡಾಕ ಪುರುಸೊತ್ತಿಲ್ಲ, ಬೀರೂ ಹಿಂದ ಕುಂತು ಯಾರ ಕೂಡ ಮಾತಾಡಾಕತ್ತೀರಿ?” ಎಂದಳು ದಾನೇಶ್ವರಿ.

“ಜಗತ್ತಿನ ಕೂಡ,” ಎಂದ ಈಶಪ್ಪ ಕೌದಿಯೊಳಗಿಂದ.

“ಜಗತ್ತಿಗೆ ಹೇಳ್ರಿ, ಮಧ್ಯಾಹ್ನ ರೊಟ್ಟೀನೂ ಅದೇ ಬಡೀಲಿ.”

ಉಳಿದದ್ದು ಒಂದೇ ಒಂದು ಶತ್ರು: ಪಿಳ್ಳಮ್ಮನ ಮೋಟಾರು. ಪಿಳ್ಳಮ್ಮ ಮನೆಯೊಡತಿ, ಪೀಣ್ಯ ಹಳ್ಳಿಯಾಗಿದ್ದ ಕಾಲದಿಂದಲೂ ಅಲ್ಲಿಯವಳು. ರಾಗಿ ಹೊಲವಿದ್ದ ಜಾಗದಲ್ಲಿ ಮೂರು ಅಂತಸ್ತು ಎಬ್ಬಿಸಿ ನಡು ಅಂತಸ್ತಿನಲ್ಲಿ ಮಗಳು, ಮೊಮ್ಮಗಳ ಜೊತೆ ಇದ್ದಳು. ಬೋರ್‌ವೆಲ್ಲಿನ ಮೋಟಾರು ಈಶಪ್ಪನ ಕಿಟಕಿಯ ಕೆಳಗೇ ಇತ್ತು, ಅದರ ಸ್ವಿಚ್ಚು ಅವನ ಬಾಗಿಲ ಒಳಪಕ್ಕದಲ್ಲಿತ್ತು. ಕೆಳಮನೆಯವರೇ ಬೆಳಿಗ್ಗೆ ಮೋಟಾರು ಹಾಕಬೇಕು, ಮೇಲಿನ ಟ್ಯಾಂಕು ತುಂಬಿ ಚೆಲ್ಲಿದಾಗ ಆರಿಸಬೇಕು. ಅದು ಆ ಮನೆಯ ಸಂವಿಧಾನ. ಮೋಟಾರು ಸುಮ್ಮನೆ ಓಡುತ್ತಿರಲಿಲ್ಲ, ಗರ್‌ರ್ ಎಂದು ಎದ್ದು ಕಟಕಟ ಕಟಕಟ ಎಂದು ಹಲ್ಲು ಕಡಿಯುತ್ತಿತ್ತು. ಹೀಗಾಗಿ ಪ್ರತಿ ಭಾನುವಾರ ಕಂತು ಮುಗಿಯುವವರೆಗೆ ಈಶಪ್ಪ ಅದರ ಬಾಯಿ ಬಂದ್ ಮಾಡುವುದು, ಮುಗಿದ ಕೂಡಲೇ ಹಾಕಿ ಮುತ್ತಣ್ಣನ ಸೈಬರಿಗೆ ಓಡುವುದು ರೂಢಿಯಾಯಿತು.

ಮೊದಲ ಕಂತುಗಳನ್ನು ಯಾರೂ ಕೇಳಲಿಲ್ಲ. ಎಷ್ಟು ಜನ ಇಳಿಸಿಕೊಂಡರು ಎಂದು ತೋರಿಸುವ ಜಾಗದಲ್ಲಿ ದುಂಡನೆಯ ಸೊನ್ನೆ, ಥೇಟ್ ವಾಷರಿನಂತೆ. ಆಮೇಲೊಂದು ಭಾನುವಾರ ಸೊನ್ನೆ ಹೋಗಿ ಒಂದು ಬಂತು! ಮುಂದಿನ ವಾರವೂ ಒಂದು. ಈಶವಾಣಿ ಏರಿದ ಮರುಗಳಿಗೆಯೇ ಯಾರೋ ಒಬ್ಬರು ತಪ್ಪದೆ ಕೇಳುತ್ತಿದ್ದಾರೆ. ನೀವೇ ಒತ್ತಿರಬೇಕು ನೋಡಿ ಎಂದು ಮುತ್ತಣ್ಣ ಅನುಮಾನಪಟ್ಟ. ಈಶಪ್ಪ ಅಲ್ಲವೆಂದು ಆಣೆ ಮಾಡಿದ.

ಯಾರು ಆ ಪುಣ್ಯಾತ್ಮ? ಕಾರ್ಖಾನೆಯಲ್ಲಿ ವಾಷರುಗಳನ್ನು ನೋಡುತ್ತ ನೋಡುತ್ತ ಈಶಪ್ಪನ ಕಣ್ಣಿಗೆ ಅವನು ಕಾಣತೊಡಗಿದ. ನಾರ್ವೆ ದೇಶದ ಹಡಗೊಂದರಲ್ಲಿ ಕೆಲಸ ಮಾಡುವ ಒಂಟಿ ಕನ್ನಡಿಗ. ಸುತ್ತ ಮಂಜು, ಕರಿ ನೀರು, ಕನ್ನಡ ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ಹಡಗಿನ ಅಂಚಿನಲ್ಲಿ ನಿಂತು ಕಿವಿಗೆ ತಂತಿ ಸಿಕ್ಕಿಸಿಕೊಂಡು ಈಶವಾಣಿ ಕೇಳಿ ಕಣ್ಣೊರೆಸಿಕೊಳ್ಳುತ್ತಾನೆ. ಈಶಪ್ಪನಿಗೆ ಅವನ ಮೇಲೆ ಅಕ್ಕರೆ ಉಕ್ಕಿತು. ತನ್ನ ಕೈಯಿಂದ ಹೋದದ್ದು ಎಲ್ಲಿಗೆ ಹೋಯಿತು ಎಂದು ಬದುಕಿನಲ್ಲಿ ಮೊದಲ ಬಾರಿ ತಿಳಿಯಿತಲ್ಲ! ಅವನಿಗಾಗಿಯೇ ಒಂದು ಮಹಾ ಕಂತು ಮಾಡುವುದೆಂದು ತೀರ್ಮಾನಿಸಿದ: ‘ಒಂದು ವಾಷರಿನ ಪ್ರಯಾಣ’. ಅದು ಪೀಣ್ಯದಿಂದ ಹೊರಟು ಅದೇ ಹಡಗನ್ನು ಸೇರಬೇಕು.

ಆ ಭಾನುವಾರ ದಾನೇಶ್ವರಿ ಸಂತೆಗೆ ಹೋಗುವಾಗ ಒಂದೇ ಮಾತು ಹೇಳಿದಳು. ಪಿಳ್ಳಮ್ಮನ ಮೊಮ್ಮಗಳು ಮಂಜುಶ್ರೀಯನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ, ಇವತ್ತು ನೀರು ಜಾಸ್ತಿ ಬೇಕು, ಮೋಟಾರು ಮರೆಯಬೇಡಿ. ಈಶಪ್ಪ ಗಂಭೀರವಾಗಿ ತಲೆಯಾಡಿಸಿದ. ಅವಳು ಗಲ್ಲಿ ದಾಟಿದ ಕೂಡಲೇ ಬಾಗಿಲ ಚಿಲಕ ಹಾಕಿ, ಮೋಟಾರು ಆರಿಸಿ, ಕೌದಿಯೊಳಗೆ ಹೊಕ್ಕ.

ಎಂಥ ನಿಶ್ಶಬ್ದ ಅದು! ವಾಷರು ಡಬ್ಬಿ ಸೇರಿತು, ಲಾರಿ ಹತ್ತಿತು, ತುಮಕೂರು ರಸ್ತೆ ಹಿಡಿಯಿತು. ಮಂಗಳೂರು ಬಂದರಿನಲ್ಲಿ ಇಳಿಯಿತು. ಹಡಗು ಹತ್ತಿತು. ಅಲೆಗಳು ಮೆಲ್ಲಗೆ ತೂಗತೊಡಗಿದವು. ಈಶಪ್ಪನೂ ತೂಗತೊಡಗಿದ. ಅತ್ತೆಯ ಹಳೇ ಸೀರೆಗಳ ಆ ಕೌದಿ ಬೆಚ್ಚಗಿತ್ತು, ಮೃದುವಾಗಿತ್ತು, ಊರಿನ ವಾಸನೆಯಿತ್ತು. ಕಥೆ ನಡುಗಡಲಿನಲ್ಲಿರುವಾಗ ಕಥೆಗಾರ ನಿದ್ದೆಹೋದ.

ಇತ್ತ ಟ್ಯಾಂಕು ಬರಿದಾಯಿತು. ಎಲ್ಲ ಮನೆಯವರೂ ನಲ್ಲಿ ತಿರುಗಿಸಿ ನೋಡಿದರು, ಬಾರದಿದ್ದಾಗ ತಿರುಗಿಸಿದ ನಲ್ಲಿಯನ್ನು ಹಾಗೇ ಬಿಟ್ಟರು. ಗಂಡಿನ ಕಡೆಯವರು ಬಂದರು. ಕಾಲಿಗೆ ಕೊಡಲು ನೀರಿಲ್ಲ, ಕಾಫಿಗೆ ನೀರಿಲ್ಲ. ಪಿಳ್ಳಮ್ಮ ಕೆಳಗಿಳಿದು ಬಾಗಿಲು ಬಡಿದಳು, ಈಶಪ್ಪಾ ಎಂದು ಕೂಗಿದಳು. ಹೊರಗಿನ ಸದ್ದು ಒಳಗೆ ಬಾರದಿರಲೆಂದು ಹೊದ್ದ ಕೌದಿ ತನ್ನ ಕೆಲಸವನ್ನು ಭಕ್ತಿಯಿಂದ ಮಾಡಿತು. ಕೊನೆಗೆ ದಾನೇಶ್ವರಿ ಸಂತೆಯಿಂದ ಬಂದು ಕಿಟಕಿಯಲ್ಲಿ ಕೈಹಾಕಿ, ಒಂದು ನುಗ್ಗೆಕಾಯಿಯಿಂದ ಕೌದಿಯನ್ನು ತಿವಿದಾಗ ಈಶಪ್ಪ ಎದ್ದ. ಎದ್ದವನಿಗೆ ಮೊದಲು ನೆನಪಾದದ್ದು ಮೋಟಾರು. ಬಾಗಿಲು ತೆಗೆಯುವ ಮೊದಲೇ ಸ್ವಿಚ್ಚು ಒತ್ತಿ ನಿರಪರಾಧಿಯ ಮುಖ ಹಾಕಿಕೊಂಡ.

“ಮೋಟಾರು ಬಂದ್ ಮಾಡಿದ್ರೇನು?” ಎಂದಳು ದಾನೇಶ್ವರಿ.

“ಇಲ್ಲ. ಕರೆಂಟ್ ಹೋಗಿತ್ತು.”

ಟ್ಯಾಂಕಿಗೆ ನೀರು ಏರಿತು. ತೆರೆದೇ ಇದ್ದ ನಲ್ಲಿಗಳೆಲ್ಲ ಒಟ್ಟಿಗೇ ಸುರಿದವು! ಬಕೆಟ್ಟುಗಳು ತುಂಬಿದವು, ಬಚ್ಚಲು ತುಂಬಿದವು, ಪಿಳ್ಳಮ್ಮನ ಮನೆಯ ನೀರು ಹೊಸ್ತಿಲು ದಾಟಿ ಮೆಟ್ಟಿಲಿಳಿಯಿತು. ಮೆಟ್ಟಿಲ ಮೇಲೆ ಗಂಡಿನ ಕಡೆಯವರ ಚಪ್ಪಲಿಗಳಿದ್ದವು. ಅವು ಒಂದರ ಹಿಂದೊಂದು ತೇಲಿಕೊಂಡು ಚರಂಡಿಯ ಕಡೆ ಹೊರಟವು. ಹೆಣ್ಣು ನೋಡಲು ಬಂದ ಹುಡುಗ ಪಂಚೆ ಎತ್ತಿಕಟ್ಟಿ ಅವುಗಳ ಹಿಂದೆ ಓಡಿದ. ತಲೆ ತಗ್ಗಿಸಿ ಕೂತಿದ್ದ ಮಂಜುಶ್ರೀ ಕಿಟಕಿಯಿಂದ ನೋಡಿ ನಕ್ಕುಬಿಟ್ಟಳು, ಅವನೂ ಕೈಯಲ್ಲೊಂದು ಚಪ್ಪಲಿ ಹಿಡಿದು ನಕ್ಕ. ಪಿಳ್ಳಮ್ಮನ ಪುಣ್ಯ, ಮಾತುಕತೆ ಅಲ್ಲಿಗೇ ಕುದುರಿತು. ಎಲ್ಲರೂ ಕರೆಂಟಿನವರಿಗೆ ಶಾಪ ಹಾಕಿದರು. ಈಶಪ್ಪನೂ ನಾಲ್ಕು ಶಾಪ ಸೇರಿಸಿದ.

ಸಂಜೆ ಮುತ್ತಣ್ಣನ ಸೈಬರಿಗೆ ಹೋಗುವಾಗ ಅವನ ತಲೆಯಲ್ಲಿ ಇದ್ದದ್ದು ಹಡಗೊಂದೇ. ಪಾಪ, ಆ ಮಂಜಿನಲ್ಲಿ ಅವನು ಕಾಯುತ್ತಿರುತ್ತಾನೆ. ದನಿಮುದ್ರಣವನ್ನು ಮರಳಿ ಕೇಳುವ ತಾಳ್ಮೆಯೂ ಇಲ್ಲದೆ ಹಾಗೇ ಏರಿಸಿದ. ಕಾದ. ಸೊನ್ನೆ ಹೋಗಿ ಒಂದು ಬಂತು. ಈಶಪ್ಪನ ಕಣ್ಣು ತುಂಬಿತು.

ಮನೆಯ ಹತ್ತಿರ ಬಂದಾಗ ಒಂದು ದನಿ ಕೇಳಿಸಿತು. ಮೆತ್ತಗಿನ, ಕನಸಿನಂಥ ದನಿ. ಯಾರೋ ಚೆನ್ನಾಗಿ ಮಾತಾಡುತ್ತಿದ್ದಾರಲ್ಲ ಎಂದುಕೊಂಡ. ಎರಡು ಹೆಜ್ಜೆಯಾದ ಮೇಲೆ ತಿಳಿಯಿತು, ಅದು ಅವನದೇ ದನಿ, ನಡು ಅಂತಸ್ತಿನಿಂದ ಬರುತ್ತಿದೆ! ಅವನು ಒದ್ದೆ ಮೆಟ್ಟಿಲುಗಳನ್ನು ತೇಲುತ್ತಲೇ ಹತ್ತಿದ.

ಪಿಳ್ಳಮ್ಮನ ಹಾಲಿನಲ್ಲಿ ಲ್ಯಾಪ್‌ಟಾಪಿನ ಸುತ್ತ ಎಲ್ಲರೂ ಕೂತಿದ್ದರು: ಪಿಳ್ಳಮ್ಮ, ಮಂಜುಶ್ರೀ, ಮೂರನೇ ಅಂತಸ್ತಿನ ವಸಂತ್, ದಾನೇಶ್ವರಿ. ಲ್ಯಾಪ್‌ಟಾಪು ವಸಂತನದು, ಅವನು ಒಂದು ಕಂಪನಿಯಲ್ಲಿ ಡ್ರಾಯಿಂಗ್ ಮಾಡುವವನು. ಹೊಸ ಕಂತು ಬಂತೆಂದು ಎಲ್ಲರಿಗೂ ಕೇಳಿಸಲು ಕೆಳಗೆ ತಂದಿದ್ದ. ಈಶಪ್ಪ ಒಳಗೆ ಕಾಲಿಟ್ಟಾಗ ಅದು ಗೊರಕೆ ಹೊಡೆಯುತ್ತಿತ್ತು. ಆಮೇಲೆ ಬಾಗಿಲು ಬಡಿದ ಸದ್ದು. ಆಮೇಲೆ ಸ್ವಿಚ್ಚಿನ ಟಕ್. ಆಮೇಲೆ ಸ್ಪಷ್ಟವಾಗಿ, ಮೋಟಾರಿನ ಕಟಕಟದ ಹಿನ್ನೆಲೆಯಲ್ಲಿ: “ಇಲ್ಲ. ಕರೆಂಟ್ ಹೋಗಿತ್ತು.”

ಈಶಪ್ಪನ ಕಣ್ಣು ವಸಂತನ ಮೇಲೆ ನಿಂತಿತು. ಪ್ರತಿ ವಾರ ಕೇಳುವವನು ನೀನೇನಾ ಎಂದು ಕೇಳಿದ. ಕೌದಿಯ ಹೊರಗೆ ಅವನ ಗಂಟಲಿನಿಂದ ಸಣ್ಣ ದನಿ ಹೊರಟದ್ದು ಅದೇ ಮೊದಲು.

ವಸಂತ್ ತಲೆ ಕೆರೆದುಕೊಂಡ. “ಬೇಜಾರಾಗ್ಬೇಡಿ ಸಾರ್. ಭಾನುವಾರ ನಾನು ಸೋಪು ಹಚ್ಕೊಂಡಾಗ್ಲೆಲ್ಲ ನೀರು ನಿಂತ್ಹೋಗ್ತಿತ್ತು. ದಾನೇಶ್ವರಿ ಅಕ್ಕನ್ನ ಕೇಳ್ದೆ, ಈಶವಾಣಿ ಅಂದ್ರು. ಚಂದಾದಾರ ಆಗ್ಬಿಟ್ಟೆ. ನಿಮ್ಮ ಕಂತು ಬಂತು ಅಂದ್ರೆ ಮೋಟ್ರು ಹಾಕಿದೀರ ಅಂತ ಲೆಕ್ಕ. ಆಮೇಲೆ ಸ್ನಾನಕ್ಕೆ ಹೋಗ್ತೀನಿ.”

ನಾರ್ವೆಯ ಹಡಗು ಅಲ್ಲೇ, ಆ ಹಾಲಿನಲ್ಲೇ, ಎಲ್ಲರ ಕಣ್ಣೆದುರು ಮುಳುಗಿತು. ಈಶಪ್ಪನಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಮನೆ ಖಾಲಿ ಮಾಡು ಎನ್ನುತ್ತಾಳೆ ಎಂದು ಪಿಳ್ಳಮ್ಮನ ಬಾಯನ್ನೇ ನೋಡುತ್ತ ನಿಂತ. ಪಿಳ್ಳಮ್ಮ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು.

“ಆ ಬಿಲ್ಲೆ ಅಡಗು ಅತ್ತಿತಲ್ಲ, ಆಮ್ಯಾಕೆ ಎಲ್ಲೋಯ್ತು? ನೀನು ನೋಡುದ್ರೆ ನಿದ್ದೆ ಒಡ್ದುಬುಟ್ಟೆ.”

ಈಶಪ್ಪ ತಡಬಡಾಯಿಸಿದ. ಮುಂದಿನ ವಾರ ಹೇಳುತ್ತೇನೆಂದ.

“ಮುಂದ್ಲ ವಾರ ಯಾಕೆ, ಈಗ್ಲೇ ಯೋಳು. ನಾವೆಲ್ಲ ಇಲ್ಲೇ ಇದ್ದೀವಿ. ನೀರೆಲ್ಲ ಮೆಟ್ಲಿಳ್ದು ಓಯ್ತು, ಟ್ಯಾಂಕು ಇನ್ನೂ ತುಂಬಿಲ್ಲ, ಮೋಟ್ರು ಆಕ್ಬುಟ್ಟು ಬಂದು ಯೋಳು.”

ಮೋಟಾರು ಗರ್‌ರ್ ಎಂದಿತು, ಕಟಕಟ ಎಂದಿತು. ಈಶಪ್ಪ ಪೀಣ್ಯದ ಗಂಟಲು ತೆಗೆದ. ಕೌದಿಯಿಲ್ಲ, ಡಬ್ಬಿಯಿಲ್ಲ, ಎದುರಿಗೆ ಮುಖಗಳು. ಆದರೆ ನಾರ್ವೆಗೆ ಹೋಗಲು ಮನಸ್ಸು ಬರಲಿಲ್ಲ, ಅಲ್ಲಿ ಯಾರಿದ್ದಾರೆ? ವಾಷರು ಸಮುದ್ರವೆಲ್ಲ ಸುತ್ತಿತು, ಬೇಸತ್ತಿತು, ಹಡಗಿಳಿದು, ಲಾರಿ ಹತ್ತಿ, ತಿರುಗಿ ತುಮಕೂರು ರಸ್ತೆ ಹಿಡಿದು ಇದೇ ಗಲ್ಲಿಗೆ ಬಂತು. ದಾನೇಶ್ವರಿ ಕೈಯಲ್ಲಿದ್ದ ನುಗ್ಗೆಕಾಯಿ ಕೆಳಗಿಟ್ಟು ಕೇಳುತ್ತಿದ್ದಳು, ಮದುವೆಯಾದ ಮೇಲೆ ಅವನ ಮಾತಿಗೆ ಅವಳು ಹಾಗೆ ಕೂತದ್ದು ಅದೇ ಮೊದಲು. ಈಶಪ್ಪನಿಗೆ ಎದೆಯುಬ್ಬಿತು, ಕಥೆಗೆ ಭವ್ಯವಾದ ಮುಕ್ತಾಯ ಕೊಟ್ಟೇಬಿಟ್ಟ.

“ಕಡೀಕೆ ಆ ವಾಷರು ಎಲ್ಲಿ ಬಂದು ಕುಂತೈತಿ ಗೊತ್ತೇನ್ರಿ? ನಮ್ಮ ಕಿಟಕಿ ಕೆಳಗ, ಇದೇ ನಿಮ್ಮ ಮೋಟಾರಿನಾಗ ಕುಂತೈತಿ!”

ಪಿಳ್ಳಮ್ಮ ಕಟಕಟ ಸದ್ದಿಗೆ ಕಿವಿಗೊಟ್ಟಳು.

“ಅದುಕ್ಕೇ ಕಣಪ್ಪ ಅದು ಇಂಗೆ ಬಡ್ಕೊಳ್ಳೋದು,” ಎಂದಳು. “ಪಾಸು ಮಾಡಿದೋನು ನೀನೇ ತಾನೆ?”