ಕಂಡಕ್ಟರ್ ಪಕ್ಕದ ಸೀಟು

ಕಂಡಕ್ಟರನ್ನ ಕಟ್ಕೊಂಡವಳು ನಗೋದಕ್ಕೆ ನಾಟಕಕ್ಕೆ ಹೋಗಬೇಕಾಗಿಲ್ಲ, ದಿನಾ ಮನೇಲೇ ನಡೀತಿರುತ್ತೆ. ನಮ್ಮೆಜಮಾನ್ರು ಹಿರಿಯೂರು–ಧರ್ಮಪುರ ರೂಟಿನ ಪ್ರೈವೇಟ್ ಬಸ್ಸಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದು ಈಗ ಮನೇಲಿದ್ದಾರೆ. ನೆಂಟರು ಬಂದು ಚಪ್ಪಲಿ ಬಿಡೋದ್ರೊಳಗೆ, "ಬಾಗಿಲತ್ರ ನಿಲ್ಲಬ್ಯಾಡ್ರಿ, ಒಳಗೆ ನಡೀರಿ, ಹಿಂದೆಲ್ಲ ಖಾಲಿ ಐತೆ" ಅಂತಾರೆ. ಹಿಂದೆ ಇರೋದು ನಮ್ಮ ಬಚ್ಚಲು.

೧. ಮುದ್ದೆ ಒಪ್ಪಂದ

ಅವರ ಬಸ್ಸಲ್ಲೇ ನಾನು ತವರಿಗೆ ಓಡಾಡಿದ್ದು. ಮದುವೆಯಾದ ಹೊಸದರಲ್ಲಿ ನನಗೂ ಟಿಕೆಟ್ ಹರಿದ ಪುಣ್ಯಾತ್ಮ! ಅದು ಹಾಳಾಗಿ ಹೋಗಲಿ, ಒಂದು ದಿನಾನೂ ನನ್ನ ಪಕ್ಕ ಕುಂತೋರಲ್ಲ. ಊರೋರೆಲ್ಲ ಗಂಡನ ಪಕ್ಕ ಕುಂತು ಕಡ್ಲೆಕಾಯಿ ತಿಂತಾ ಹೋದರೆ, ನನ್ನ ಗಂಡ ಬಾಗಿಲಲ್ಲಿ ನೇತಾಡ್ತಿದ್ದರು. ಆ ಸಂಕಟ ಹೊಟ್ಟೇಲಿ ಹಾಗೇ ಇತ್ತು.

ಅದಕ್ಕೇ ಅವರು "ಬೆಂಗಳೂರು ನೋಡ್ಕಂಡು ಬರಾಣ ನಡಿಯೇ" ಅಂದಾಗ ನಾನು ಒಂದು ಷರತ್ತು ಹಾಕಿದೆ.

"ವಾಪಸ್ ಬರೋತನಕ ಕಂಡಕ್ಟರ್‌ಗಿರಿ ಬಿಡಬೇಕು. ನನ್ನ ಪಕ್ಕ ಸುಮ್ನೆ ಕುಂತ್ಕಬೇಕು. ತಪ್ಪಿದ್ರೆ, ಒಂದೊಂದು ತಪ್ಪಿಗೆ ಒಂದೊಂದು ತಿಂಗಳು ಮನೇಲಿ ಮುದ್ದೆ ತೊಳಸೋದು ನೀವೇ."

"ನೀನು ತಪ್ಪಿದ್ರೆ?"

"ನಾನೇನು ಟಿಕೆಟ್ ಹರಿದೋಳಾ? ಹಂಗೇನಾದ್ರೂ ನಾನು ಕಂಡಕ್ಟರ್‌ಗಿರಿ ಮಾಡಿದ್ರೆ ನಿಮ್ಮ ಮುದ್ದೆಯೆಲ್ಲ ಮಾಫ್."

ಕೈ ಮೇಲೆ ಕೈ ಹಾಕಿದರು. ಮುದ್ದೆಕೋಲನ್ನ ಆವತ್ತಿನವರೆಗೂ ಮುಟ್ಟಿದ ಕೈಯಲ್ಲ ಅದು.

೨. ಶಿರಾದಲ್ಲೇ ಬಿದ್ದರು

ಹಿರಿಯೂರಲ್ಲಿ ಬೆಂಗಳೂರು ಬಸ್ಸು ಹತ್ತಿ ನನ್ನ ಪಕ್ಕ ಕುಂತರು. ನಾನು ಕಡ್ಲೆಕಾಯಿ ಪೊಟ್ಟಣ ಬಿಚ್ಚಿದೆ. ಶಿರಾದಲ್ಲಿ ಜನ ನುಗ್ಗಿದರು ನೋಡಿ, ಇವರ ಕಾಲು ಕುಣಿಯೋಕೆ ಶುರುವಾಯ್ತು.

"ಏಳಬ್ಯಾಡ್ರಿ" ಅಂದೆ.

"ಎದ್ದಿಲ್ಲ ಕಣೇ" ಅಂತ ಎದ್ದೇಬಿಟ್ಟರು! "ಏನಪ್ಪಾ ಚೀಲ, ಸೀಟಿನ ಕೆಳಗೆ ತಳ್ಳು. ಅಮ್ಮಾ, ಅಲ್ಲಿ ಮೂರು ಜನ ಕುಂತ್ಕಳ್ರಿ, ಅಡ್ಜಸ್ಟ್ ಮಾಡ್ಕಳ್ರಿ."

ಆ ಬಸ್ಸಿನ ಕಂಡಕ್ಟರ್ ಒಬ್ಬ ಹೆಣ್ಣುಮಗಳು. ಪಾಪ, ಬೆಳಗ್ಗೆಯಿಂದ ನಿಂತು ಸುಸ್ತಾಗಿದ್ದಳು. ನಕ್ಕು, "ಹಂಗೇ ಹಿಂದಿನ ತನಕ ನೋಡ್ಕಳ್ರಿ ಅಂಕಲ್" ಅಂತ ಬಂದು ಇವರು ಬಿಟ್ಟೆದ್ದ ಸೀಟಲ್ಲಿ ಕುಂತಳು. ನನ್ನ ಪಕ್ಕ ಕೊನೆಗೂ ಕಂಡಕ್ಟರ್ ಕುಂತಂಗಾಯ್ತು. ಕಡ್ಲೆಕಾಯಿ ಅವಳಿಗೇ ಕೊಟ್ಟೆ.

೩. ಹಲ್ಲಿನ ಸಾಕ್ಷಿ

ಬೆಂಗಳೂರಲ್ಲಿ ಒಂದು ಕಡೆ ಬಣ್ಣಬಣ್ಣದ ಮೀನು ತೋರಿಸ್ತಿದ್ದರು. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ ಅಂತ ಬೋರ್ಡಿತ್ತು. ನಮ್ಮ ಮುಂದಿದ್ದ ಹೆಂಗಸು ಮಗಳನ್ನ ತೋರಿಸಿ, "ಇವಳಿಗಿನ್ನೂ ನಾಲ್ಕು" ಅಂದಳು.

ನಾನು ಇವರ ಅಂಗಿ ಹಿಡಿದು ಎಳೆದೆ. ಪ್ರಯೋಜನ ಇಲ್ಲ. "ಪುಟ್ಟಮ್ಮಾ, ಎಲ್ಲಿ, ಒಂದು ಸಲ ನಗು" ಅಂದರು. ಮಗು ನಕ್ಕಿತು. ಮುಂದಿನ ಎರಡು ಹಲ್ಲಿಲ್ಲ.

"ನೋಡ್ರಿ, ಹಾಲುಹಲ್ಲು ಬಿದ್ದೈತೆ! ಆರು ತುಂಬೈತೆ! ಟಿಕೆಟ್ ತಗಳ್ರಿ!"

ಆಯಮ್ಮ ಇವರನ್ನ ಸುಟ್ಟುಬಿಡೋ ಹಂಗೆ ನೋಡಿ ಟಿಕೆಟ್ ತಗೊಂಡಳು. ಇವರು ಗೆದ್ದ ಖುಷೀಲಿ ನನ್ನ ಕಡೆ ತಿರುಗಿದರು. ನಾನು ಎರಡು ಬೆರಳು ಎತ್ತಿ ತೋರಿಸಿದೆ. ಎರಡು ತಿಂಗಳ ಮುದ್ದೆ.

೪. ಮೆಟ್ರೋ

ವಾಪಸ್ ಹೊರಡೋ ದಿನ ಮೆಟ್ರೋ ಹತ್ತಿದೆವು. ಮೆಜೆಸ್ಟಿಕ್‌ನಲ್ಲಿ ಇಳಿದು ಊರಿನ ಬಸ್ಸು ಹಿಡೀಬೇಕು. ಇಬ್ಬರಿಗೂ ಅಕ್ಕಪಕ್ಕ ಜಾಗ ಸಿಕ್ತು. ಬಾಗಿಲು ತಾನೇ ತೆರೆಯುತ್ತೆ, ತಾನೇ ಮುಚ್ಚುತ್ತೆ, ಸ್ಟಾಪಿನ ಹೆಸರೂ ಮಿಷನ್ನೇ ಕೂಗುತ್ತೆ. ಇವರಿಗೆ ಮಾಡೋಕೆ ಏನೂ ಉಳಿದಿರಲಿಲ್ಲ. ಆದರೂ ಒಂದು ಸ್ಟಾಪಲ್ಲಿ ಜನ ಬಾಗಿಲಲ್ಲೇ ಗುಂಪುಗಟ್ಟಿದಾಗ ಹಣೇಲಿ ಬೆವರು ಬಂತು. ಟವಲನ್ನ ಬಾಯಿಗೆ ಒತ್ಕೊಂಡರು. ಏಳಲಿಲ್ಲ ಕಣ್ರಿ! ನನ್ನ ಗಂಡ ಏಳಲಿಲ್ಲ!

ಸ್ವಲ್ಪ ಹೊತ್ತಿಗೆ ಮೆಲ್ಲಗೆ, "ನಿನ್ನ ಪಕ್ಕ ಕುಂತ್ರೆ ಹಿಂಗಿರ್ತೈತೇನೇ? ಮೂವತ್ತು ವರ್ಷ ಸುಮ್ನೆ ನಿಂತ್ಕಂಡು ಸತ್ತೆ" ಅಂದರು.

ಎರಡು ತಿಂಗಳಲ್ಲ, ಎರಡು ವರ್ಷದ ಮುದ್ದೆ ಬೇಕಾದರೂ ಮಾಫಿ ಮಾಡಬಹುದು ಅನ್ನಿಸ್ತು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ದಡ್ಡಿ ನಾನಲ್ಲ. ಕಣ್ಣು ಮುಚ್ಚಿ ಆ ಸುಖಾನೇ ಮೆಲುಕು ಹಾಕ್ತಾ ಕುಂತೆ.

"ಬಾರೇ, ಇಳಿಯಾಣ" ಅಂದಿದ್ದು ಎಲ್ಲೋ ಕೇಳಿಸಿತು. ಕಣ್ಣು ಬಿಟ್ಟರೆ ಮೆಜೆಸ್ಟಿಕ್! ಇವರು ಬ್ಯಾಗು ಹಿಡಿದು ಕೆಳಗೆ ನಿಂತಿದ್ದಾರೆ, ನಾನು ಒಳಗೆ, ನಡುವೆ ಹತ್ತೋ ಜನ. ಬಾಗಿಲು ಮುಚ್ಚೋಕೆ ಶುರುವಾಯ್ತು. ಎದ್ದವಳೇ ಬೋಗಿ ಗೋಡೆಗೆ ಡಬಡಬ ಗುದ್ದಿ, ಧರ್ಮಪುರಕ್ಕೇ ಕೇಳಿಸೋ ಹಂಗೆ ಕೂಗಿದೆ:

"ಹೋಲ್ಡಾನ್! ಹೋಲ್ಡಾನ್! ಇಳಿಯೋರವ್ರೆ! ದಾರಿ ಬಿಡ್ರಿ, ಬಾಗಿಲಲ್ಲಿ ನಿಲ್ಲಬ್ಯಾಡ್ರಿ!"

ಬೋಗಿಗೆ ಬೋಗಿಯೇ ನನ್ನ ಕಡೆ ತಿರುಗಿತು. ಪಕ್ಕದ ಹೆಂಗಸು ಗೌರವದಿಂದ, "ಅಮ್ಮಾ, ನೀವು ಕಂಡಕ್ಟರಾ?" ಅಂದಳು. ಬಾಗಿಲು ಮುಚ್ಚಿಯೇ ಬಿಡ್ತು, ರೈಲು ಹೊರಟಿತು.

ಮುಂದಿನ ಸ್ಟಾಪಲ್ಲಿ ಇಳಿ ಅಂತ ಸನ್ನೆ ಮಾಡ್ತಾರೇನೋ ಅಂತ ಗಾಬರೀಲಿ ಗಾಜಿನಾಚೆ ನೋಡಿದೆ. ಆ ಮಹಾರಾಯ ಬ್ಯಾಗು ಕೆಳಗಿಟ್ಟು, ಅಷ್ಟು ಜನರ ನಡುವೆ ಎರಡೂ ಕೈಯಲ್ಲಿ ಗಾಳಿಯಲ್ಲೇ ಗರಗರ ಮುದ್ದೆ ತೊಳಸಿ, ನನ್ನ ಕಡೆ ಬೆರಳು ತೋರಿಸಿದರು.